ತೀರ್ಥಮ್ಮನವರು ಒಪ್ಪಿದ ಎರಡು ಸಾಮಾನು

೧೯೩೨ರ ಜುಲೈ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಕಡೂರು ಸ್ಟೇಷನ್ನಿನ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ ಮುದ್ದಪ್ಪ ಕಾರಿನ ಕೆಳಗೆ ಅಂಗಾತ ಮಲಗಿ ಅದರ ಸೈಲೆನ್ಸರ್ ಬಿಚ್ಚುತ್ತಿದ್ದ. ಸೈಲೆನ್ಸರಿನಲ್ಲಿ ಯಾವ ದೋಷವೂ ಇರಲಿಲ್ಲ.

ಕಾರು ಕೊಬ್ಬರಿ ವ್ಯಾಪಾರಿ ಷಣ್ಮುಖಪ್ಪನವರದು. ಎರಡೇ ಸೀಟಿನ, ಉದ್ದ ಮೂತಿಯ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡದ್ದು. ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಏರು ಬಂದರೆ ನೀರು ಕುದಿದು ನಿಲ್ಲುತ್ತಿತ್ತು. ಎರಡು ಸಲ ಎತ್ತು ಕಟ್ಟಿ ಎಳೆದು ತಂದಿದ್ದರು, ಎರಡನೆಯ ಸಲ ತುಂಬಿದ ಸಂತೆಯ ನಡುವೆ. ಅಂದು ಸಂಜೆ ಷಣ್ಮುಖಪ್ಪನವರ ತಾಯಿ ತೀರ್ಥಮ್ಮನವರು ಜಗಲಿಯ ಮೇಲೆ ಕೂತೇ ತೀರ್ಮಾನ ಹೇಳಿದರು.

“ಶ್ರಾವಣದ ಮೊದಲ್ನೇ ಸೋಮವಾರ ನನ್ನನ್ನ ಗುಡ್ಡದ ಮಠಕ್ಕೆ ಇದರಲ್ಲೇ ಕರ್ಕೊಂಡೋಗು. ಹತ್ತಿದ್ರೆ ಇಟ್ಕೊ. ಎತ್ತು ಕಟ್ಟೋ ಹಂಗಾದ್ರೆ ಮಾರ್ಬಿಡು. ಹೊಸ ಸಾಮಾನು ಎರಡು ಹಾಕಿಸ್ಕೊ, ಮೂರನೇದು ಕೇಳ್ಬೇಡ.”

ಷಣ್ಮುಖಪ್ಪನವರ ಬಳಿ ಬೊಂಬಾಯಿಯ ಕ್ಯಾಟಲಾಗ್ ಇತ್ತು. ಎಂಜಿನ್ ಬಿಚ್ಚದೆ, ಬರೀ ಬೋಲ್ಟು ಬಿಗಿದು ಕೂರಿಸಬಹುದಾದ ಸಾಮಾನುಗಳಿಗೆಲ್ಲ ಅವರು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ್ದರು. ದೊಡ್ಡ ಕಾರ್ಬ್ಯುರೇಟರ್ ಬೇಕು, ನೇರ ಹೊಗೆ ಕೊಳವೆ ಬೇಕು, ಹೊಳೆಯುವುದೆಲ್ಲ ಬೇಕು.

ಮುದ್ದಪ್ಪ ಅಜ್ಜಂಪುರದವನು. ರೈಲ್ವೆಯ ಎಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ಬಿಟ್ಟು ಬಂದು ಸ್ವಂತ ಶೆಡ್ ಹಾಕಿದ್ದ. ಅಲ್ಲಿಂದ ಅವನು ತಂದದ್ದು ಒಂದು ಕ್ರಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಸಾಧ್ಯವಾದರೆ ಕೊಳ್ಳುವ ಮುಂಚೆಯೇ ಪರೀಕ್ಷೆ ಮಾಡಬೇಕು. ಹೊಸ ಕೊಳವೆಯಿಂದ ಎಷ್ಟು ಲಾಭವೆಂದು ತಿಳಿಯಲು ಸೈಲೆನ್ಸರ್ ಕಳಚಿ ಓಡಿಸಿದರೆ ಸಾಕು ಎಂದು ಅವನ ಲೆಕ್ಕ.

ಗುಡ್ಡದ ದಾರಿಯಲ್ಲಿ ಕಾರು ಎರಡನೇ ಗೇರಿನಲ್ಲಿ ಎಳೆಯಲಾರದೆ ಸೋಲುವ ಜಾಗದ ಕಲ್ಲಿಗೆ ಅವನು ಮೊದಲೇ ಸುಣ್ಣ ಬಳಿದಿದ್ದ. ಸೈಲೆನ್ಸರ್ ಇಲ್ಲದ ಕಾರು ಬಿಸಿಲೇರಿದ ಮೇಲೆ ಗುಡುಗುತ್ತಾ ಹೋಗಿ ಅದೇ ಕಲ್ಲಿನ ಹತ್ತಿರ ಸೋತಿತು.

“ಸದ್ದು ಹೆಂಗಿದೆ ನೋಡಪ್ಪ,” ಎಂದು ಷಣ್ಮುಖಪ್ಪನವರು ಹಿಗ್ಗಿದರು.

“ಸದ್ದು ಗುಡ್ಡ ಹತ್ತಿಬಿಡ್ತು ಸಾವ್ಕಾರ್ರೆ. ಕಾರು ಇಲ್ಲೇ ಉಳೀತು.”

ಕೊಳವೆಯ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಅದೇ ಏರನ್ನು ಬೆಳಗಿನ ತಂಪಿನಲ್ಲೊಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ ಹತ್ತಿಸಿದ. ಬೆಳಿಗ್ಗೆ ಕಾರು ಸುಣ್ಣದ ಕಲ್ಲನ್ನು ದಾಟಿತು. ಮಧ್ಯಾಹ್ನ ಅದರ ಹತ್ತಿರವೂ ಬರಲಿಲ್ಲ. ಎಂಜಿನ್ನಿಗೆ ಶಕ್ತಿ ಇತ್ತು, ಕಾವು ಅದನ್ನು ತಿನ್ನುತ್ತಿತ್ತು. ಆ ಕಾರಿನಲ್ಲಿ ಬಿಸಿ ನೀರು ತಾನಾಗಿ ಮೇಲೇರಿ, ತಣಿದು ಕೆಳಗಿಳಿದು ಸುತ್ತಬೇಕು. ತಳ್ಳುವ ಪಂಪು ಇರಲಿಲ್ಲ. ಆದ್ದರಿಂದ ಮೊದಲ ಸಾಮಾನು ನೀರಿನ ಪಂಪು ಎಂದ. ಬಾನೆಟ್ಟಿನ ಒಳಗೆ ಯಾರ ಕಣ್ಣಿಗೂ ಬೀಳದ ವಸ್ತು. ಷಣ್ಮುಖಪ್ಪನವರ ಮುಖ ಸಣ್ಣದಾಯಿತು, ಆದರೂ ತರಿಸಿದರು.

ಎರಡನೆಯದಕ್ಕೆ ಮುದ್ದಪ್ಪನ ಮನಸ್ಸು ದೊಡ್ಡ ಫ್ಯಾನಿನ ಮೇಲಿತ್ತು, ಷಣ್ಮುಖಪ್ಪನವರದು ಕಾರ್ಬ್ಯುರೇಟರಿನ ಮೇಲೆ. ಮುದ್ದಪ್ಪ ವಾದ ಮಾಡಲಿಲ್ಲ. ತರೀಕೆರೆಯ ಬಸ್ಸಿನವರಿಂದ ಹಳೆಯ ಕಾರ್ಬ್ಯುರೇಟರೊಂದನ್ನು ಎರವಲು ತಂದು ಕಟ್ಟಿ ನೋಡಿದ. ಅವನು ಓಡಿಸಿದ, ಷಣ್ಮುಖಪ್ಪನವರು ಪಕ್ಕದಲ್ಲಿ ಕೂತರು. ಕಾರು ಮಧ್ಯಾಹ್ನದ ಬಿಸಿಲಿನಲ್ಲೇ ಮಠದ ಬಾಗಿಲವರೆಗೆ ಎರಡನೇ ಗೇರಿನಲ್ಲಿ ಏರಿತು.

“ಇದರಲ್ಲಿ ನೀವೇ ಸರಿ ಸಾವ್ಕಾರ್ರೆ. ನಾನು ಫ್ಯಾನು ಅಂದ್ಕೊಂಡಿದ್ದು ತಪ್ಪು,” ಎಂದ. ಸೋತವನ ದನಿಯಲ್ಲ, ಒಂದು ವಿಷಯ ಗೊತ್ತಾಯಿತಲ್ಲ ಎಂಬ ದನಿ. ಕತೆ ಹೇಳುವ ನನಗೆ ಅವನಲ್ಲಿ ಬಹಳ ಹಿಡಿಸಿದ್ದು ಇದು.

ಎರಡನೆಯ ಸಾಮಾನಾಗಿ ಹೊಸ ಕಾರ್ಬ್ಯುರೇಟರ್ ಬಂತು. ಶ್ರಾವಣದ ಮೊದಲ ಸೋಮವಾರವೂ ಬಂತು. ಅಂಗಡಿಯ ಮುಂದೆ ಕಾರು ಸಿದ್ಧವಾಗಿತ್ತು. ಗುಡ್ಡದ ಬುಡದಲ್ಲಿ ಬೇಕಾಗಬಹುದೆಂದು ತೀರ್ಥಮ್ಮನವರು ಗಾಡಿ ಹೊಡೆಯುವ ಕೆಂಚಪ್ಪನಿಗೆ ಎತ್ತಿನ ಜೋಡಿ ತರಲೂ ಹೇಳಿದ್ದರು. ಅವರು ಮಡಿ ಸೀರೆಯುಟ್ಟು ಹೊರಗೆ ಬಂದರು. ಹಿಂದೆ ಇಬ್ಬರು ಆಳುಗಳು ಒಂದು ಮೂಟೆ ಹೊತ್ತು ಬಂದರು. ಮಠದ ದಾಸೋಹಕ್ಕೆ ನೂರು ತೆಂಗಿನಕಾಯಿ.

ಮುದ್ದಪ್ಪನೂ ಅದೇ ಮಠದ ಒಕ್ಕಲು. ಹಬ್ಬದ ದಿನ ದಾಸೋಹಕ್ಕೆ ಏನಾದರೂ ಒಯ್ಯದೆ ಅವನೂ ಎಂದೂ ಗುಡ್ಡ ಹತ್ತಿದವನಲ್ಲ. ಆದರೆ ಪರೀಕ್ಷೆಗೆ ಅವನು ಕಾರನ್ನು ಯಾವ ಹೊರೆಯೂ ಇಲ್ಲದೆ ಹತ್ತಿಸಿದ್ದ, ಕಾಯಿಯ ತೂಕ ಲೆಕ್ಕಕ್ಕೆ ಬಂದೇ ಇರಲಿಲ್ಲ.

“ಅಮ್ನೋರೆ, ಕಾಯಿ ಗಾಡಿಲಿ ಕಳಿಸೋಣ್ವಾ?”

“ನಾನು ಮುಂದೆ ಹೋಗಿ ಸ್ವಾಮಿಗಳ ಎದುರು ಕೈಬೀಸ್ಕೊಂಡು ನಿಂತಿರ್ಲೇನೋ?”

ಕೆಂಚಪ್ಪ ನಕ್ಕ. “ಯೋಚ್ನೆ ಯಾಕ್ಲೇ ಮುದ್ದ, ನನ್ನ ಎತ್ತಿಗೆ ಪೆಟ್ರೋಲ್ ಬೇಕಿಲ್ಲ.”

ಮುದ್ದಪ್ಪ ಒಂದು ನಿಮಿಷ ಕಾರನ್ನೇ ನೋಡಿದ. ಮೂರನೆಯ ಸಾಮಾನು ಹಾಕುವಂತಿಲ್ಲ. ಇರುವುದನ್ನು ತೆಗೆಯಬೇಡವೆಂದು ಯಾರೂ ಹೇಳಿರಲಿಲ್ಲ. ಕಾಯಿಯ ಮೂಟೆಯನ್ನು ಅಂಗಡಿಯ ದೊಡ್ಡ ತಕ್ಕಡಿಯ ಒಂದು ಕಡೆ ಏರಿಸಿದ. ಇನ್ನೊಂದು ಕಡೆಗೆ ಕಾರಿನಿಂದ ಬಿಚ್ಚಿದ ಸ್ಟೆಪ್ನಿ ಚಕ್ರ ಬಂತು, ಆಮೇಲೆ ಮಡಿಚುವ ಚಾವಣಿ, ಮುಂದಿನ ಗಾಜು, ಹತ್ಯಾರದ ಪೆಟ್ಟಿಗೆ.

“ನನ್ನ ಮಗನ ಕಾರನ್ನ ತೂಕಕ್ಕೆ ಮಾರ್ತೀಯೇನೋ?” ಎಂದರು ತೀರ್ಥಮ್ಮನವರು.

“ಇಲ್ಲ ಅಮ್ನೋರೆ. ಕಾಯಿಗೆ ಜಾಗ ಮಾಡ್ತಿದೀನಿ.”

ಕೊನೆಗೆ ಜಾಕನ್ನೂ ಇಟ್ಟಾಗ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ಸೈಲೆನ್ಸರನ್ನು ಮಾತ್ರ ಮುಟ್ಟಲಿಲ್ಲ, ಹೋಗುವುದು ಮಠಕ್ಕೆ.

ಗುಡ್ಡದ ಬುಡದಲ್ಲಿ ಷಣ್ಮುಖಪ್ಪನವರು ಎರಡನೇ ಗೇರು ಹಾಕಿದರು. ಪಕ್ಕದಲ್ಲಿ ತಾಯಿ, ಸೆರಗು ಬಿಗಿಯಾಗಿ ಹೊದ್ದು, ಗಾಳಿಗೆ ಕಣ್ಣು ಕಿರಿದು ಮಾಡಿ ಕೂತಿದ್ದರು. ಮುದ್ದಪ್ಪ ನೀರಿನ ಡಬ್ಬ ಹಿಡಿದು ಕಾಲುದಾರಿಯಲ್ಲಿ ಮೇಲಕ್ಕೆ ಓಡಿದ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟುಕೊಂಡೇ. ಸುಣ್ಣದ ಕಲ್ಲಿನ ಹತ್ತಿರ ಸದ್ದು ಒಮ್ಮೆ ತಗ್ಗಿತು. ಅವನು ನಿಂತ. ಸದ್ದು ಮತ್ತೆ ಏರಿತು.

ಅವನು ಏದುಸಿರು ಬಿಡುತ್ತಾ ಮೇಲೆ ತಲುಪಿದಾಗ ಕಾರು ಮಠದ ಬಾಗಿಲಲ್ಲಿ ನಿಂತಿತ್ತು, ಆವಿ ಎದ್ದಿರಲಿಲ್ಲ. ಷಣ್ಮುಖಪ್ಪನವರು ಗೇರಿನ ಮೇಲಿಂದ ಕೈ ತೆಗೆದಿರಲಿಲ್ಲ. ತೀರ್ಥಮ್ಮನವರು ಇಳಿದು, ಕಾಯಿ ಒಳಗೆ ಹೋಗುವವರೆಗೆ ಕಾದು, ಮಗನ ಕಡೆ ನೋಡದೆ ಮುದ್ದಪ್ಪನನ್ನು ಕೇಳಿದರು:

“ಮುಂದಿನ ಸೋಮವಾರ ಎಷ್ಟು ಕಾಯಿ ಹಾಕ್ಬೋದಪ್ಪ?”

ಮುದ್ದಪ್ಪ ರೇಡಿಯೇಟರಿನ ಪಕ್ಕಕ್ಕೆ ಅಂಗೈ ಹಿಡಿದ. ಬಂದ ದಾರಿಯನ್ನೊಮ್ಮೆ ನೋಡಿದ. ಪರೀಕ್ಷೆಯ ದಿನ ಕಾರಿನಲ್ಲಿದ್ದ ತನಗಿಂತ ತೀರ್ಥಮ್ಮನವರು ಎಷ್ಟು ಹಗುರವೆಂದು ಅಂದಾಜು ಮಾಡಿದ.

“ನೀವೂ ಬರೋದಾದ್ರೆ,” ಎಂದ, “ನೂರಾ ಹನ್ನೆರಡು.”