ಗಲ್ಲಾದ ಕುರ್ಚಿ ಮತ್ತು ಭುಜಂಗನ ಬೆನ್ನು

ಕಲ್ಯಾಣದ ಪಕ್ಕದ ಶಹಾಡ್ ಸ್ಟೇಷನ್ನಿನ ಹೊರಗೆ ಮಧ್ವರಾಜ ಶೆಟ್ಟರ ಹೋಟೆಲು. ಭುಜಂಗ ಸಾಲಿಯಾನ್ ಅಲ್ಲಿ ಮೊದಲು ಸಪ್ಲೈಯರ್ ಆಗಿದ್ದವನು. ಕಾರ್ಖಾನೆಯ ಪಾಳಿ ಬಿಟ್ಟಾಗ ನುಗ್ಗುವ ಗಿರಾಕಿಗಳ ನಡುವೆ ಕೈತುಂಬ ಪ್ಲೇಟು ಜೋಡಿಸಿಕೊಂಡು ಮೀನಿನ ಹಾಗೆ ನುಸುಳುತ್ತಿದ್ದ. ಅವನ ನಿಯತ್ತು ಕಂಡು ಶೆಟ್ಟರು ಗಲ್ಲಾಕ್ಕೆ ಕೂರಿಸಿದ ದಿನ ಅವನು ಊರಿಗೆ, ಕಾಪುವಿನ ಮನೆಗೆ ಫೋನು ಮಾಡಿ, ಇನ್ನು ಮೇಲೆ ಕೂತು ಮಾಡುವ ಕೆಲಸ ಎಂದು ಹೆಮ್ಮೆಯಿಂದ ಹೇಳಿಕೊಂಡ. ಓಡಿ ಓಡಿ ಬಳಲಿದ ಕಾಲಿಗೆ ಆ ಕುರ್ಚಿ ಸಿಂಹಾಸನವೇ ಆಗಿತ್ತು.

ಆ ಸಿಂಹಾಸನವೇ ಅವನ ಸೊಂಟ ತಿಂದಿತು. ಬೆಳಗ್ಗೆ ಶಟರ್ ಎತ್ತಿದಾಗ ಕೂತರೆ ಇಳಿಸುವಾಗಲೇ ಏಳುವುದು. ಊಟವೂ ಅಲ್ಲೇ. ಹೊಟ್ಟೆ ಮುಂದೆ ಬಂತು, ಬೆನ್ನು ಗೂನಾಯಿತು. ೨೦೦೮ರ ಮಳೆಗಾಲದ ಹೊತ್ತಿಗೆ ಬಗ್ಗಿ ಶೂ ಲೇಸು ಕಟ್ಟುವುದೂ ಅವನಿಂದ ಆಗದಾಯಿತು. ಕಲ್ಯಾಣದ ಮನೆಯ ಬಾಗಿಲಲ್ಲಿ ಹೆಂಡತಿ ವಿನೋದಾ ನೆಲಕ್ಕೆ ಕೂತು ಕಟ್ಟಿಕೊಡುತ್ತಿದ್ದಳು. ಅವನು ಗೋಡೆ ಹಿಡಿದು, ಅವಳ ಬೈತಲೆ ನೋಡುತ್ತ ನಾಚಿಕೆಯಿಂದ ನಿಂತಿರುತ್ತಿದ್ದ.

ಎಕ್ಸ್‌ರೇ ನೋಡಿದ ಡಾಕ್ಟರರು, ಮೂಳೆಗೆ ಏನೂ ಆಗಿಲ್ಲ, ಸ್ನಾಯು ಸೋತಿದೆ, ಕೂರುವುದು ಕಡಿಮೆ ಮಾಡಿ ಮೈ ಆಡಿಸಬೇಕು ಎಂದರು. ಗಲ್ಲಾದವನು ಕೂರುವುದು ಕಡಿಮೆ ಮಾಡುವುದೆಂದರೆ ಹೇಗೆ? ಭುಜಂಗ ಸೊಂಟಕ್ಕೊಂದು ಪಟ್ಟಿ ಬಿಗಿದುಕೊಂಡು ಮತ್ತೆ ಹೋಗಿ ಕುರ್ಚಿಯಲ್ಲೇ ಕೂತ.

ಜಲಜಾಕ್ಷಿಯವರ ಸುದ್ದಿ ತಂದವಳು ವಿನೋದಾ. ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದ ಅವರು ಕನ್ನಡ ಸಂಘದ ಹಾಲ್‌ನಲ್ಲಿ ಬೆಳಗಿನ ಹೊತ್ತು ಯೋಗ ಕಲಿಸುತ್ತಿದ್ದರು. ವರ್ಷಗಟ್ಟಲೆ ಕೂತು ಅವರ ಬೆನ್ನೂ ಕೆಟ್ಟಿತ್ತಂತೆ, ಯೋಗದಿಂದಲೇ ಸರಿಹೋಯಿತಂತೆ. ಭುಜಂಗ ಒಪ್ಪಲಿಲ್ಲ. ಯೋಗವೆಂದರೆ ಅವನ ಪಾಲಿಗೆ ಶೀರ್ಷಾಸನ. ಈ ಹೊಟ್ಟೆ ಹೊತ್ತುಕೊಂಡು ತಲೆಕೆಳಗಾಗಿ ನಿಲ್ಲುವುದುಂಟೇ ಎಂದು ಗೊಣಗಿದ. ಕೊನೆಗೆ ಮಗಳು ಶ್ರದ್ಧಾ, "ಪಪ್ಪಾ, ಏಕ್ ಬಾರ್ ಜಾಕೆ ತೋ ದೇಖೋ" ಎಂದು, ಒಮ್ಮೆ ಹೋಗಿ ನೋಡುವಂತೆ ಒತ್ತಾಯಿಸಿ, ಕೈಹಿಡಿದು ತಾನೇ ಕರೆದುಕೊಂಡು ಹೋಗಿ ಬಿಟ್ಟು ಬಂದಳು.

ಅಲ್ಲಿ ಯಾರೂ ತಲೆಕೆಳಗೆ ನಿಂತಿರಲಿಲ್ಲ. ಜಲಜಾಕ್ಷಿ ಅವನನ್ನು ಜಮಖಾನದ ಮೇಲೆ ಅಂಗಾತ ಮಲಗಿಸಿ, ಮೊಣಕಾಲಿನ ಕೆಳಗೆ ಮಡಿಸಿದ ಕಂಬಳಿ ಇಟ್ಟು, ಉಸಿರನ್ನು ಮಾತ್ರ ನೋಡಿಕೊಂಡಿರಲು ಹೇಳಿದರು. ಮೊದಲ ದಿನದ ಪಾಠ ಅಷ್ಟೇ. ಸ್ವಲ್ಪ ಹೊತ್ತಿಗೆ ಸೊಂಟದ ಬಿಗಿ ತಾನಾಗಿ ಸಡಿಲಿತು. ನೋವಿಲ್ಲದೆ ಮಲಗುವುದು ಹೇಗಿರುತ್ತದೆ ಎಂಬುದನ್ನೇ ಅವನು ಮರೆತಿದ್ದ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಅವರು ನೋಡಿಯೂ ನೋಡದಂತೆ ಪಕ್ಕದವರ ಕಡೆ ತಿರುಗಿದರು.

ಆಮೇಲೆ ಆಸನಗಳು ಒಂದೊಂದೇ ಬಂದವು. ಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು, ಮಲಗಿದಲ್ಲೇ ಸೊಂಟ ಎತ್ತುವುದು. ಬೋರಲು ಮಲಗಿ ಎದೆ ಎತ್ತಲು ಅವನು ಒದ್ದಾಡುವಾಗ, "ಹೆಸ್ರೇ ಭುಜಂಗ, ಇನ್ನು ಭುಜಂಗಾಸನ ಬಾರದೆ ಹೋಗ್ತದಾ?" ಎಂದು ಅವರು ನಗಿಸಿದರು. ದೀಪಾವಳಿಗೆ ಅವನು ಶೂ ಲೇಸನ್ನು ತಾನೇ ಕಟ್ಟಿಕೊಂಡ. ವಿನೋದಾ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಹಿಗ್ಗಿನಲ್ಲಿ ಒಂದು ಎಡವಟ್ಟೂ ಆಯಿತು. ಮನೆಗೆ ಬಂದ ನೆಂಟರ ಎದುರು ಕಾಲು ನೀಡಿ, ಹೆಬ್ಬೆರಳು ಮುಟ್ಟಿ ತೋರಿಸುತ್ತೇನೆಂದು ಹೊರಟವನು ಸೊಂಟ ಹಿಡಿದುಕೊಂಡು ಅಲ್ಲೇ ಸಿಕ್ಕಿಹಾಕಿಕೊಂಡ. ನಾಲ್ಕಾರು ದಿನ ಹಾಸಿಗೆ. ಎಲ್ಲ ಮುಗಿಯಿತು ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಜಲಜಾಕ್ಷಿ ಮೂರು ಮಾಳಿಗೆ ಹತ್ತಿ ಬಂದು ಪಕ್ಕದಲ್ಲಿ ಕೂತರು. ಬೈಗುಳ ನಿರೀಕ್ಷಿಸಿದ್ದವನಿಗೆ ಸಿಕ್ಕಿದ್ದು ಬೇರೆಯೇ ಮಾತು.

"ಭುಜಂಗಣ್ಣ, ಕೂಗಿದ ಕೂಡ್ಲೆ ಓಡಿ ಬರ್ಲಿಕ್ಕೆ ಬೆನ್ನು ನಿಮ್ಮ ಹೋಟ್ಲಿನ ಸಪ್ಲೈಯರ್ ಅಲ್ಲ. ಇಷ್ಟು ವರ್ಷ ಅದು ನಿಮ್ಮ ಮಾತು ಕೇಳಿತು. ಇನ್ನು ಸ್ವಲ್ಪ ನೀವು ಅದ್ರ ಮಾತು ಕೇಳಿ."

ಆ ಮಾತು ಅವನಿಗೆ ನಾಟಿತು. ಕೆಲಸಕ್ಕೆ ಮರಳಿದ ದಿನ, ಇರುವ ಕೆಲಸವೂ ಹೋದೀತೆಂಬ ಅಂಜಿಕೆಯಲ್ಲೇ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲು ಶೆಟ್ಟರ ಅಪ್ಪಣೆ ಕೇಳಿದ. ಮರುವಾರ ಶೆಟ್ಟರು ಕರೆಸಿದ ಬಡಗಿ ಬಂದು, ನಿಂತುಕೊಂಡೂ ಬಿಲ್ಲು ಮಾಡುವಂತೆ ಗಲ್ಲಾದ ಮೇಜನ್ನು ಎತ್ತರಿಸಿದ. "ಕೂತು ಕೂತು ನನ್ನ ಸೊಂಟವೂ ಹೋಗಿದೆ ಮಾರಾಯ" ಎಂದರು ಶೆಟ್ಟರು. "ಆ ಟೀಚರ್ ನನ್ನನ್ನೂ ಸೇರಿಸಿಕೊಳ್ತಾರಾ ಕೇಳು." ಮಧ್ಯಾಹ್ನದ ಗದ್ದಲದಲ್ಲಿ ಶೆಟ್ಟರೇ ಗಲ್ಲಾ ನೋಡಿಕೊಳ್ಳತೊಡಗಿದರು, ಭುಜಂಗ ಸಾಂಬಾರಿನ ಪಾತ್ರೆ ಹಿಡಿದು ಟೇಬಲುಗಳ ನಡುವೆ ಸುತ್ತಿದ. ಹಳೆಯ ಗಿರಾಕಿಗಳು ಅವನಿಗೆ ಡಿಮೋಷನ್ ಆಯಿತೇನೋ ಎಂದು ಮರುಗಿದರು. ಅವನಿಗೋ, ಕಳೆದುಹೋಗಿದ್ದ ಕಾಲು ಮರಳಿ ಸಿಕ್ಕಷ್ಟು ಖುಷಿ.

ಜಲಜಾಕ್ಷಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವವರಲ್ಲ. ಸೀರೆ ಕೊಡಹೋದ ವಿನೋದಾಳನ್ನೂ ಹಾಗೇ ಕಳಿಸಿದ್ದರು. ತನ್ನಿಂದ ಏನಾಗಬೇಕು ಎಂದು ಭುಜಂಗ ಪಟ್ಟು ಹಿಡಿದಾಗ, ಎಲ್ಲರಿಗಿಂತ ಮೊದಲು ಬಂದು ಹಾಲ್ ಗುಡಿಸಿ ಜಮಖಾನ ಹಾಸಬೇಕು, ಅದು ಬಗ್ಗುವ ಕೆಲಸ, ತನಗೆ ಅದೇ ದಕ್ಷಿಣೆ ಎಂದರು.

ಅವನು ಅದನ್ನು ವರ್ಷಗಟ್ಟಲೆ ಬಿಡದೆ ನಡೆಸಿಕೊಂಡು ಬಂದ. ಜಲಜಾಕ್ಷಿಗೆ ವಯಸ್ಸಾಗಿ, ಕುರ್ಚಿಯಲ್ಲಿ ಕೂತೇ ಕಲಿಸುವಂತಾದ ಮೇಲೂ ಬೆಳಗಿನ ಮೊದಲ ಲೋಕಲ್ ರೈಲುಗಳ ಸದ್ದಿಗೆ ಹಾಲ್‌ನ ಬಾಗಿಲು ತೆರೆಯುವವನು ಭುಜಂಗನೇ. ಮಂಡಿ ಸಡಿಲಿಸಿ, ಅವರು ಕಲಿಸಿದ ಹಾಗೆಯೇ ಉಸಿರು ಬಿಡುತ್ತ ಬಗ್ಗುತ್ತಾನೆ, ಜಮಖಾನದ ಸುರುಳಿ ಬಿಚ್ಚುತ್ತಾನೆ. ನೋವಿಲ್ಲದೆ ಬಗ್ಗಿದ ಪ್ರತಿ ಸಲವೂ ಮನಸ್ಸಿನಲ್ಲೇ ಒಮ್ಮೆ ಅವರಿಗೆ ಕೈಮುಗಿಯುತ್ತಾನೆ.