ಟ್ಯಾಂಕಿನ ಮೇಲೆ ಬೂಟಿನ ಗುರುತು

ನನ್ನ ಕಸುಬು ಏನೆಂದು ನಂಜನಗೂಡಿನಲ್ಲಿ ವಿವರಿಸುವುದು ಸುಲಭವಲ್ಲ. ಮಣ್ಣನ್ನು ದಿಬ್ಬ ದಿಬ್ಬವಾಗಿ ಗುಡ್ಡೆ ಹಾಕಿ, ಅದರ ಮೇಲಿಂದ ಬೈಕು ಹಾರಿಸಿ, ಮೂಳೆ ಮುರಿಯದೆ ಇಳಿದರೆ ಮತ್ತೆ ಮುಂದಿನ ದಿಬ್ಬದಿಂದ ಹಾರಿಸುವ ವಿದ್ಯೆಗೆ ಸೂಪರ್‌ಕ್ರಾಸ್ ಎಂದು ಹೆಸರು. ಇದನ್ನು ಒಂದು ಕಂಪನಿ ಸಂಬಳ ಕೊಟ್ಟು ಮಾಡಿಸುತ್ತದೆ ಎಂದರೆ ನಮ್ಮ ಬೀದಿಯ ಹಿರಿಯರು ಆ ಕಂಪನಿಯ ಬಗ್ಗೆ ಮರುಗುತ್ತಾರೆ.

ಮೂವತ್ತು ದಾಟಿದ ಮೇಲೆ ನಾನು ಗೆಲ್ಲುವುದನ್ನು ನಿಲ್ಲಿಸಿದೆ. ಎರಡನೆಯವನಾಗುತ್ತಿದ್ದೆ, ಮೂರನೆಯವನಾಗುತ್ತಿದ್ದೆ, ಆದರೆ ಯಾವತ್ತೂ ಸೋತವನಾಗುತ್ತಿರಲಿಲ್ಲ. ಟ್ರ್ಯಾಕ್ ಒದ್ದೆಯಾಗಿದ್ದರೆ ಅದು ನೀರು ಹಾಕಿದವನ ತಪ್ಪು, ಒಣಗಿದ್ದರೆ ಹಾಕದವನ ತಪ್ಪು. ಮಿಕ್ಕಿದ್ದೆಲ್ಲ ಬೈಕಿನ ತಪ್ಪು. ಪುಣೆಯಲ್ಲಿ, ಕೊಯಮತ್ತೂರಿನಲ್ಲಿ, ರೇಸ್ ಮುಗಿದೊಡನೆ ಹೆಲ್ಮೆಟ್ ಎಸೆದು ಬೈಕನ್ನು ಒದೆಯುವ ಪದ್ಧತಿಯನ್ನು ನಾನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದೆ. ಹುಡುಗರು ಅದನ್ನು ಫೋನಿನಲ್ಲಿ ಹಿಡಿದು ಹಂಚುತ್ತಿದ್ದರು. ಅದನ್ನು ನಾನು ಖ್ಯಾತಿ ಎಂದು ತಿಳಿದಿದ್ದೆ.

ನಮ್ಮಪ್ಪ ಇದ್ಯಾವುದನ್ನೂ ನೋಡಿರಲಿಲ್ಲ. ಅವರು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸನ್ನು ಮೊಣಕಾಲು ಸವೆಯುವ ತನಕ ಓಡಿಸಿದ ಡ್ರೈವರು. ದಿನಾ ಬೆಳಿಗ್ಗೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಸೀಟಿನಲ್ಲಿ ಕೂತವರಲ್ಲ. ಇಳಿಜಾರಿನಲ್ಲಿ ಬ್ರೇಕ್ ಫೇಲಾದ ಬಸ್ಸನ್ನು ಕೂಡ ಅವರು ಬೈದದ್ದನ್ನು ನಾನು ಕೇಳಿಲ್ಲ. 'ಸುಸ್ತಾಗಿತ್ತು ಪಾಪ' ಎಂದಿದ್ದರಷ್ಟೇ.

ಹೋದ ವರ್ಷ ತಿ. ನರಸೀಪುರದ ಹೊರಗಿನ ಬಯಲಿನಲ್ಲೇ ಒಂದು ರೇಸ್ ಇಟ್ಟರು. ತನ್ನ ಹಳೇ ರೂಟು ಎಂಬ ಹಕ್ಕಿನ ಮೇಲೆ ಅಪ್ಪ ಹೊರಟರು. ಇಸ್ತ್ರಿ ಮಾಡಿದ ಪಂಚೆ, ಹೆಗಲ ಮೇಲೆ ಟವೆಲ್ಲು. ಹಗ್ಗದ ಬೇಲಿಯ ಪಕ್ಕ ನಿಂತು ಅಕ್ಕಪಕ್ಕದವರಿಗೆಲ್ಲ, 'ಆ ನೀಲಿ ಗಾಡಿ ನಮ್ದೇಯ' ಎಂದು ತಿಳಿಸಿದರು. ಗಾಡಿ ನಮ್ಮದು ಎಂದರೇ ಹೊರತು ಮಗ ಎಂದು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಅದು ಬೇರೆ ಹೇಳಬೇಕಾದ ವಿಷಯವಲ್ಲ.

ಕೊನೆಯ ಸುತ್ತಿನವರೆಗೂ ನಾನು ಎರಡನೆಯವನಾಗಿದ್ದೆ. ಮುಂದಿದ್ದವನು ಮೊನ್ನೆ ಮೊನ್ನೆ ಮೀಸೆ ಬಂದ ಹುಡುಗ. ಅವನನ್ನು ತಿರುವಿನಲ್ಲಿ ಹಿಡಿಯುವ ಆತುರದಲ್ಲಿ ದಿಬ್ಬ ಇಳಿಯುತ್ತಲೇ ಹಿಂದಿನ ಬ್ರೇಕನ್ನು ಜೋರಾಗಿ ತುಳಿದೆ, ಕ್ಲಚ್ ಹಿಡಿಯುವುದನ್ನು ಮರೆತೆ. ಎಂಜಿನ್ ಆಫ್ ಆಯಿತು. ಕಲಿಯುವವರು ಮೊದಲ ವಾರ ಮಾಡುವ ತಪ್ಪು. ಕಿಕ್ಕರ್ ಒದ್ದೆ, ಸ್ಟಾರ್ಟ್ ಆಗಲಿಲ್ಲ. ಹಿಂದಿದ್ದವರೆಲ್ಲ ನನ್ನ ಮೈಮೇಲೆ ಮಣ್ಣು ಹಾರಿಸಿಕೊಂಡು ದಾಟಿ ಹೋದರು. ನಾನು ಇಳಿದೆ, ಬೈಕನ್ನು ಕೆಡವಿದೆ, ಟ್ಯಾಂಕಿಗೆ ಬೂಟುಗಾಲಿನಿಂದ ಒದ್ದೆ. ಒಂದು ಒದೆತ ಸಾಲದೆ ಮತ್ತೆ ಒದ್ದೆ.

ಆಗ ಮೈಕಿನಲ್ಲಿ ಕೇಳಿತು: 'ಪಂಚೆ ಉಟ್ಟಿರೋ ಹಿರಿಯರು ದಯಮಾಡಿ ಟ್ರ್ಯಾಕ್‌ನಿಂದ ಆಚೆ ಬರಬೇಕು. ಯಜಮಾನ್ರೇ... ಯಜಮಾನ್ರೇ!'

ತಿರುಗಿ ನೋಡಿದರೆ ಅಪ್ಪ. ಪಂಚೆ ಎತ್ತಿ ಕಟ್ಟಿಕೊಂಡು, ಸವೆದ ಮೊಣಕಾಲು ಎಳೆಯುತ್ತ, ಪೀಪಿ ಊದುವವರನ್ನೂ ಬಾವುಟ ಬೀಸುವವರನ್ನೂ ಲಕ್ಷಿಸದೆ ದಿಬ್ಬ ಹತ್ತಿ ಬರುತ್ತಿದ್ದರು. ನನಗೆ ಏಟಾಯಿತೆಂದು ಬಂದರೇನೋ ಅಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಬಗ್ಗಿ, ಬಿದ್ದ ಬೈಕಿನ ಟ್ಯಾಂಕನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ನಾವು ಮಾಡುತ್ತೇವಲ್ಲ, ಹಾಗೆ. ತಾಗಿದ್ದು ನನ್ನ ಕಾಲು, ಮುಟ್ಟಿದ್ದು ಅವರ ಕೈ. ಆಮೇಲೆ ಟವೆಲ್ಲಿನಿಂದ ಟ್ಯಾಂಕಿನ ಮೇಲಿದ್ದ ಬೂಟಿನ ಗುರುತು ಒರೆಸಿದರು.

'ಇಡ್ಕೊ, ಎತ್ತನ' ಎಂದರು.

ಇಬ್ಬರೂ ಎತ್ತಿ ತಳ್ಳಿಕೊಂಡು ಹೊರಟೆವು. ಬಯಲು ಪೂರ್ತಿ ಚಪ್ಪಾಳೆ ತಟ್ಟಿತು. ಅದು ಯಾರಿಗೆಂದು ನನಗೆ ಅನುಮಾನವಿರಲಿಲ್ಲ. ಹೆಲ್ಮೆಟ್ಟನ್ನು ಅವತ್ತು ಎಸೆಯಲಿಲ್ಲ, ತೆಗೆಯಲೂ ಇಲ್ಲ. ಮುಖಕ್ಕೆ ಅದೊಂದೇ ಮರೆ.

ಬೈಕನ್ನು ಗೂಡ್ಸ್ ಗಾಡಿಗೆ ಹಾಕಿ ನಂಜನಗೂಡಿಗೆ ಹೊರಟಾಗ ಅಪ್ಪ ಮುಂದೆ ಕೂರಲಿಲ್ಲ. ಹಿಂದೆ, ಬೈಕಿನ ಪಕ್ಕ ಹತ್ತಿ ಕೂತರು. ಗಾಡಿ ಓಡಿಸುತ್ತಿದ್ದ ನನ್ನ ಮೆಕ್ಯಾನಿಕ್ ಗೆಳೆಯ, 'ಯಜಮಾನ್ರು ಯಾಕಣ್ಣ ಇಂದ್ಕೆ ಕೂತ್ರು?' ಎಂದ.

'ಗಾಳಿ ಬೇಕಂತೆ' ಎಂದೆ.

ದಾರಿಯಲ್ಲಿ ಟೀಗೆ ನಿಲ್ಲಿಸಿದೆವು. ಆ ರಸ್ತೆಯಲ್ಲಿ ಅಪ್ಪನನ್ನು ಅರಿಯದ ಟೀ ಅಂಗಡಿ ಇಲ್ಲ. ಹೆಮ್ಮಿಗೆ ಕಡೆಯ ಹಳೇ ಪ್ಯಾಸೆಂಜರ್ ಒಬ್ಬರು ಗಾಡಿಯ ಹತ್ತಿರವೇ ಬಂದರು.

'ಏನ್ ಡ್ರೈವರ್ರೇ, ರೇಸ್‌ಗೆ ಓಗಿದ್ರಂತೆ? ಮಗ ಗೆದ್ನಾ?'

ನಾನು ಕ್ಯಾಬಿನ್ನಿನಲ್ಲಿ ಟೀ ಲೋಟ ಹಿಡಿದು ಕೂತಿದ್ದೆ. ಹಿಂದಿನಿಂದ ಅಪ್ಪನ ದನಿ ಕೇಳಿತು.

'ಗಾಡಿ ಕೈ ಕೊಟ್‌ಬುಡ್ತು ಕಣಪ್ಪ.'

'ಅಯ್ಯೋ, ದರಿದ್ರದ್ ಗಾಡಿ!'

'ಊಂ' ಎಂದರು ಅಪ್ಪ.

ಕನ್ನಡಿಯಲ್ಲಿ ನೋಡಿದೆ. ಆ ಮನುಷ್ಯ ಅತ್ತ ತಿರುಗುತ್ತಲೇ ಅವರ ಕೈ ಮೆಲ್ಲಗೆ ಟ್ಯಾಂಕಿನ ಮೇಲೆ ಹೋಯಿತು, ಅಲ್ಲಿಂದ ಕಣ್ಣಿಗೆ. ಜೀವಮಾನದಲ್ಲಿ ಯಾವ ಗಾಡಿಯ ಮೇಲೂ ದೂರು ಹೇಳದವರು ನನ್ನ ಮರ್ಯಾದೆಗಾಗಿ ಒಂದು ಹೇಳಿದ್ದರು. ಟೀ ಆರಿತ್ತು. ಹಾಗೇ ಕುಡಿದೆ.

ಅದಾದ ಮೇಲೆ ನಾನು ಸಾಧುವಾದೆ ಎಂದೇನಲ್ಲ. ಹುಲ್ಲಹಳ್ಳಿ ಹತ್ತಿರದ ನನ್ನ ಅಭ್ಯಾಸದ ಹೊಲದಲ್ಲಿ ಇಂದಿಗೂ ಮಣ್ಣನ್ನು ಬೈಯುತ್ತೇನೆ. ಆದರೆ ಮುಂದಿನ ರೇಸಿನಲ್ಲಿ ಐದನೆಯವನಾದಾಗ ಒಬ್ಬ, 'ಏನಾಯ್ತಣ್ಣ, ಟೈರ್ ಪ್ರಾಬ್ಲಮ್ಮಾ?' ಎಂದು ಉತ್ತರವನ್ನೂ ಕೈಗೇ ಕೊಟ್ಟು ಕೇಳಿದ. 'ಇಲ್ಲ, ನಾನೇ ಸ್ಲೋ' ಎಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಆ ರೇಸಿಗೆ ಅಪ್ಪ ಬಂದಿರಲಿಲ್ಲ. ಕರೆದಿದ್ದೆ. ಸೊಂಟ ನೋವು ಎಂದಿದ್ದರು. ಅವರಿಗಿರುವುದು ಮೊಣಕಾಲು ನೋವು ಎಂಬುದು ಇಬ್ಬರಿಗೂ ಗೊತ್ತಿತ್ತು. ರಾತ್ರಿ ಮನೆಗೆ ಬಂದಾಗ ಜಗುಲಿಯಿಂದಲೇ ಕೇಳಿದರು.

'ಗಾಡಿ ಎಂಗದೆ?'

'ಚೆನ್ನಾಗದೆ ಕಣಪ್ಪ. ನಾನೇ ಸರ್ಯಾಗಿ ಓಡಿಸ್ಲಿಲ್ಲ.'

ಅವರು ಎದ್ದು ಬಂದು ಬೈಕಿನ ಸುತ್ತ ಒಂದು ಸುತ್ತು ಹಾಕಿದರು. ಪರೀಕ್ಷೆ ಮುಗಿಸಿ ಒಳಗೆ ಹೋದರು.

ಮೊನ್ನೆ ಮತ್ತೆ ರೇಸಿಗೆ ಹೊರಡುವಾಗ ನಾನು ಕರೆಯಲಿಲ್ಲ, ಇನ್ನೊಂದು ಸಲ ಸೊಂಟ ನೋವು ಕೇಳುವ ಧೈರ್ಯವಿರಲಿಲ್ಲ. ಗಾಡಿಗೆ ಹತ್ತಿಸುವ ಮುಂಚೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಟ್ಯಾಂಕ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಂದಿನಿಂದ ದನಿ ಬಂತು.

'ಗ್ಲೌಸ್ ಬಿಚ್ಚಿ ಮುಟ್ಲಾ.'

ಬಿಚ್ಚಿ ಮತ್ತೆ ಮುಟ್ಟಿದೆ. ತಿರುಗಿದರೆ ಅಪ್ಪ ಇಸ್ತ್ರಿ ಪಂಚೆಯಲ್ಲಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ನನ್ನ ಕಡೆ ನೋಡದೆ ಸೀದಾ ಬಂದು ಗೂಡ್ಸ್ ಗಾಡಿಯ ಹಿಂದೆಯೇ ಹತ್ತಲು ಕಾಲೆತ್ತಿದರು.