ಮಾವನ ಮಿಲ್ಲಿನ ಮೇಲೆ ಹಾಕಿದ ತಪ್ಪು

ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವನ ಬುಟ್ಟಿಯಿಂದ ಪಾರಿವಾಳದ ವಾಸನೆ ಬಂತು. ಒಣಗಿದ ಹಿಕ್ಕೆ, ಬೆಚ್ಚನೆಯ ಗರಿ, ಜೋಳ. ಸಾಕಿದವರಿಗೆ ಅದು ಸುಗಂಧ. ಆದರೂ ಆ ಧೂಳು ಅಂಗಿಗೆ ಹತ್ತಬಾರದೆಂದು ಎದ್ದು ಬಾಗಿಲ ಬಳಿ ನಿಂತೆ. ಯಾಕೆಂದು ನೀವು ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

ನಂಜನಗೂಡಿನ ನಮ್ಮ ತಾರಸಿಯಲ್ಲಿ ನಾನು ಪಾರಿವಾಳ ಸಾಕಿದ್ದೆ. ಮದುವೆಗಿಂತ ಹಳೆಯ ಚಟ. ಗೂಡು ಗುಡಿಸಿದ ಅಂಗಿಯಲ್ಲೇ ಊಟಕ್ಕೆ ಕೂರುತ್ತಿದ್ದೆ. ಅದನ್ನು ಒದರಿ ಒಗೆಯುತ್ತಿದ್ದವಳು ನನ್ನ ಹೆಂಡತಿ ಪುಟ್ಟತಾಯಿ. ಅವಳಿಗೆ ಒಣಕೆಮ್ಮು ಹತ್ತಿತು. ಬರುಬರುತ್ತಾ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಗೋಡೆ ಹಿಡಿದು ಉಸಿರೆಳೆಯುತ್ತಿದ್ದಳು.

ಮೈಸೂರಿನಲ್ಲಿ ಅವಳನ್ನು ಪರೀಕ್ಷೆಗೆ ಒಳಗೆ ಕರೆದೊಯ್ದಾಗ ಡಾಕ್ಟರಮ್ಮ ನನ್ನನ್ನು ಕೇಳಿದರು: "ಮನೇಲಿ ಪಾರಿವಾಳ ಏನಾದ್ರೂ ಸಾಕಿದ್ದೀರಾ?"

"ಇಲ್ಲ ಮೇಡಂ. ಇವಳು ಹುಟ್ಟಿ ಬೆಳೆದಿದ್ದೇ ನರಸೀಪುರದ ಅಕ್ಕಿ ಮಿಲ್ಲಲ್ಲಿ. ತೌಡಿನ ಧೂಳು."

ಹಕ್ಕಿಗಳನ್ನು ಉಳಿಸಿಕೊಳ್ಳಲು, ತೀರಿಹೋದ ಮಾವನವರ ಮೇಲೆ ತಪ್ಪು ಹಾಕಿದೆ. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೂ ಅದೇ ಧೂಳಿನ ನೆಪ ಹೇಳಿ ಅವಳನ್ನು ತವರಿಗೂ ಕಳಿಸಲಿಲ್ಲ.

ಕೊನೆಗೆ ತನ್ನ ತಮ್ಮನ ಮಗಳ ಮದುವೆಗೆ ನರಸೀಪುರಕ್ಕೆ ಹೋದವಳು ಅಲ್ಲೇ ಕೆಲವು ವಾರ ಉಳಿದಳು. ಆ ತಮ್ಮ ಫೋನ್ ಮಾಡಿದ: "ಬಾವ, ಅಕ್ಕಂಗೆ ಇಲ್ಲಿ ಕೆಮ್ಮೇ ಕಮ್ಮಿ ಆಯ್ತು ಕಣ್ರೀ. ನಮ್ ಮಿಲ್ ಧೂಳೇ ಔಷ್ದಿ ಆಗಿರ್ಬೇಕು. ನಿಮ್ಗೂ ಒಂದ್ ಮೂಟೆ ಕಳಿಸ್ಲಾ?"

ನನಗೆ ನಗು ಬರಲಿಲ್ಲ. ಮರುದಿನವೇ ಹೋಗಿ ಡಾಕ್ಟರಮ್ಮನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಬಿಡಿಸಿ ಹೇಳಿದರು. "ಆ ಹಿಕ್ಕೆ ಧೂಳು ಅವರಿಗೆ ಆಗ್ಬರಲ್ಲ, ಶ್ವಾಸಕೋಶದಲ್ಲಿ ಗಾಯ ಮಾಡುತ್ತೆ. ಗಾಯ ಆದ ಜೀವಕೋಶಗಳು 'ಮುಚ್ಚಿ' ಅಂತ ಸುದ್ದಿ ಕಳಿಸ್ತವೆ. ನಾರು ಕಟ್ಟೋ ಜೀವಕೋಶಗಳು ಬಂದು ಮುಚ್ತವೆ. ಆಮೇಲೆ 'ಸಾಕು' ಅನ್ನೋ ಸುದ್ದಿ ಬರ್ಬೇಕು. ದಿನಾ ಹೊಸ ಗಾಯ ಆಗ್ತಿದ್ರೆ ಅದು ಬರೋದೇ ಇಲ್ಲ. ನಾರು ಕಟ್ಟಿ ಕಟ್ಟಿ ಶ್ವಾಸಕೋಶ ಹಿಗ್ಗೋದೇ ಕಷ್ಟ ಆಗುತ್ತೆ."

ಕಟ್ಟಿದ ನಾರು ಕರಗುವುದಿಲ್ಲವಂತೆ. ಆ ಸುದ್ದಿಗಳನ್ನು ತಡೆಯುವ ಮಾತ್ರೆಯಿಂದ, ಮುಂದೆ ಬೆಳೆಯುವುದನ್ನು ನಿಧಾನ ಮಾಡಬಹುದಂತೆ. ನಮ್ಮ ಹೈಸ್ಕೂಲಿನ ವಿಜ್ಞಾನ ಅಷ್ಟು ದೂರ ಹೋಗಿರಲಿಲ್ಲ. ಆದರೂ ಇಷ್ಟು ಅರ್ಥವಾಯಿತು: ಮೊದಲು ಸಾಕು ಎನ್ನಬೇಕಾದವನು ನಾನು.

ಪುಟ್ಟತಾಯಿಗೆ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ನನ್ ವಿಷ್ಯ ಬಿಡಿ. ನಮ್ಮಪ್ಪನ್ನ ಯಾಕ್ರೀ ಎಳೆದ್ರಿ ಅದಕ್ಕೆ?" ಎಂದಳು.

ಹಕ್ಕಿಗಳನ್ನು ಬಿಳಿಗೆರೆಯ ಗೆಳೆಯನಿಗೆ ಕೊಟ್ಟು ಬಂದೆ. ನಾನು ಬಸ್ಸಿಳಿದು ಮನೆ ಸೇರುವ ಮೊದಲೇ ಅವು ತಾರಸಿಯಲ್ಲಿದ್ದವು. ಎಲ್ಲಿ ಬಿಟ್ಟರೂ ಮನೆಗೆ ಮರಳುವಂತೆ ಪಳಗಿಸಿದ್ದು ನಾನೇ ತಾನೆ! ಕೊನೆಗೆ ಅವುಗಳನ್ನು ನೋಡಿಕೊಳ್ಳಲು ಗೆಳೆಯನೇ ನಂಜನಗೂಡಿನ ಆ ಮನೆಗೆ ಬಾಡಿಗೆಗೆ ಬಂದ. ಈ ವಯಸ್ಸಿನಲ್ಲಿ ನಾನು ನರಸೀಪುರಕ್ಕೆ ಮನೆ ಅಳಿಯನಾಗಿ ಬಂದೆ. ಯಾರ ಹೆಸರು ಕೆಡಿಸಿದ್ದೆನೋ ಅವರ ಸೂರಿನಡಿಯೇ ನನಗೆ ಎಲೆ ಹಾಕಿದರು.

ಇವತ್ತು ಸಂಜೆ ಹೊಳೆಯ ಕಡೆ ನಡೆದೆವು. ಅವಳು ನಿಧಾನ, ನಾನು ಅವಳಿಗಿಂತ ನಿಧಾನ. ಮುಂದಿದ್ದವಳು ತಿರುಗಿ, "ಬೇಗ್ ಬನ್ರೀ, ಮಾವನ್ ಮನೆ ಅನ್ನ ತಿಂದು ತಿಂದು ಎಜ್ಜೆ ಎತ್ತೋಕೂ ಆಗ್ದೋರ್ ಅಂಗೆ ಬತ್ತಾವ್ರಲ್ಲ, ಒತ್ತು ಮುಳುಗೋಯ್ತದೆ!" ಎಂದಳು. ಅಷ್ಟು ಉದ್ದದ ಮಾತನ್ನು ನಡುವೆ ಎಲ್ಲೂ ನಿಲ್ಲದೆ ಮುಗಿಸಿದಳು.

ಇನ್ನಷ್ಟು ಬೈಯಲಿ ಎಂದು ನಾನು ಬೇಕೆಂದೇ ಅಲ್ಲೇ ನಿಂತೆ.